ಪೆಟ್ರೋಲ್ ಸುರಿದು ತಣ್ಣಗೆ ಮಾಡುವುದು

ನನ್ನ ಮಗನಿಗೆ ಅವನ ಮಗನ ಕೈಯಿಂದ ಉಪ್ಪಿನ ಡಬ್ಬಿ ಬೇಕಾದರೂ ನನ್ನನ್ನೇ ಕೇಳಬೇಕಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರೂ ಅಷ್ಟೇ. "ಅಮ್ಮ, ಉಪ್ಪು ಕೊಡೋಕೆ ಹೇಳು" ಎಂದು ಇವನು, "ಅಜ್ಜಿ, ತಗೊಳ್ಳೋಕೆ ಹೇಳು" ಎಂದು ಅವನು. ನಾನು ಈ ಮನೆಯ ಅಂಚೆ ಕಚೇರಿ. ಸಂಬಳವಿಲ್ಲ, ರಜೆಯಿಲ್ಲ, ಮಂಡಿನೋವು ಮಾತ್ರ ಉಂಟು.

ಜಗಳ ಅಂಥಾ ದೊಡ್ಡದೇನಲ್ಲ. ನನ್ನ ಮಗನದು ಲೇತ್ ಅಂಗಡಿ. ಕಬ್ಬಿಣವನ್ನು ಹಣ್ಣಿನ ಸಿಪ್ಪೆ ತೆಗೆದಹಾಗೆ ಸುಲಿಯುತ್ತಾನೆ. ಮೊಮ್ಮಗನೂ ಅಲ್ಲೇ ಕೆಲಸ ಕಲಿತ. ಒಂದು ದಿನ ಗಿರಾಕಿಗಳ ಎದುರಿಗೇ, "ಅಪ್ಪ, ಈ ಅಳತೆ ತಪ್ಪಾಗಿದೆ" ಎಂದುಬಿಟ್ಟ. ಅಳತೆ ನಿಜವಾಗಿಯೂ ತಪ್ಪಾಗಿತ್ತು. ತೊಂದರೆಯಾದದ್ದು ಅದಕ್ಕೇ. ಹುಡುಗ ಸುಳ್ಳು ಹೇಳಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಅವತ್ತೇ ಮಸಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಬಂದವನು ಸ್ಕೂಟರ್ ಷೋರೂಮಿನಲ್ಲಿ ಆಯಿಲ್ ಬದಲಾಯಿಸುವ ಕೆಲಸಕ್ಕೆ ಸೇರಿಕೊಂಡ. ಅಲ್ಲಿಂದ ನನ್ನ ನೌಕರಿ ಶುರುವಾಯಿತು.

ನನ್ನಂಥವಳನ್ನು ಈ ಕೆಲಸಕ್ಕೆ ಇಟ್ಟುಕೊಂಡದ್ದೇ ಅವರ ಗ್ರಹಚಾರ. ನಾನು ಇಲಿ ಕಂಡರೆ ಆನೆ ಕಂಡೆ ಅನ್ನುವವಳು. "ಅಮ್ಮ ಹೇಳಿದ್ದನ್ನ ಹತ್ತರಿಂದ ಭಾಗಿಸಿ ಕೇಳ್ಬೇಕು" ಎಂದು ಮಗ ಬೀದಿಗೆಲ್ಲ ಸಾರಿಟ್ಟಿದ್ದಾನೆ. ಭಾಗಿಸಲಿ ಬಿಡಿ. ಚಪ್ಪೆ ಮಾತಾಡಿಕೊಂಡು ಬದುಕಲು ನನಗೇನು ಜ್ವರವೇ?

ಹೀಗಿರುವಾಗ ಮೊಮ್ಮಗ ಒಂದು ಹಳೇ ಮೋಟರ್ ಬೈಕ್ ತಳ್ಳಿಕೊಂಡು ಬಂದು ನಡುಮನೆಯಲ್ಲಿ ನಿಲ್ಲಿಸಿದ. ಆ ನಡುಮನೆಯಲ್ಲೇ ನನ್ನ ಸೊಸೆಯ ಹೊಲಿಗೆ ಮೆಷಿನ್ನು, ಅವಳು ಹೊಲಿಯುವ ಶಾಲೆ ಸಮವಸ್ತ್ರದ ರಾಶಿ, ನನ್ನ ಮಂಚ. ಸೊಸೆ ಸಣಕಲಿ, ಹೇಗೋ ನುಸುಳುತ್ತಿದ್ದಳು. ನಾನು ಅಡುಗೆಮನೆಯಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅವನು ಅದರ ಸೈಲೆನ್ಸರ್ ಕಿತ್ತು ಮೊದಲ ಸಲ ಚಾಲೂ ಮಾಡಿದಾಗ ಎದುರುಮನೆಯ ಬೆಕ್ಕು ಊರು ಬಿಟ್ಟು ಹೋದದ್ದು ಇನ್ನೂ ಬಂದಿಲ್ಲ. ಅವತ್ತಿನಿಂದ ಅವನಿಗೆ ಗುಡುಗಪ್ಪ ಎಂದು ಹೆಸರಿಟ್ಟೆ.

ಇನ್ನೊಂದು ದಿನ ಹಳೇ ಪೇಪರಿನಲ್ಲಿ ಏನನ್ನೋ ಸುತ್ತಿಕೊಂಡು ತಂದ. ಬಿಚ್ಚಿದರೆ ಸುರುಳಿ ಸುತ್ತಿದ ಕಬ್ಬಿಣ.

"ಏನೋ ಇದು, ಬಸವನಹುಳು?"

"ಟರ್ಬೊ ಅಜ್ಜಿ. ಗುಜರಿಗೆ ಹೋದ ಡೀಸೆಲ್ ಕಾರಿಂದು. ನೋಡು, ಇಂಜಿನ್ನಿಂದ ಸುಮ್ಮನೆ ಹೊರಗೆ ಹೋಗೋ ಹೊಗೆ ಈ ಕಡೆಯಿಂದ ಬಂದು ಈ ಚಕ್ರ ತಿರುಗಿಸುತ್ತೆ. ಅದೇ ಕಂಬಿಯ ಆ ತುದೀಲಿ ಇನ್ನೊಂದು ಚಕ್ರ. ಅದು ಹೊರಗಿನ ಗಾಳೀನ ಎಳ್ಕೊಂಡು ಇಂಜಿನ್ ಒಳಗೆ ಒತ್ತಿ ತುರುಕುತ್ತೆ. ಗಾಳಿ ಜಾಸ್ತಿ ಆದ್ರೆ ಜೋರೂ ಜಾಸ್ತಿ."

"ಅಂದ್ರೆ ಬಿಟ್ಟ ಉಸಿರಿಂದಲೇ ಹೊಸ ಉಸಿರು ತುಂಬಿಸ್ಕೊಳ್ಳೋದು. ನನಗೂ ಒಂದು ಹಾಕಿಸೋ, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ."

ಅವನು ನಕ್ಕ. ಆ ದಿನಗಳಲ್ಲಿ ಅವನು ನಗುತ್ತಿದ್ದ.

ರಾದ್ಧಾಂತ ಆದದ್ದು ಸಮವಸ್ತ್ರದಿಂದ. ಬೈಕಿನಿಂದ ಆಯಿಲ್ ತೊಟ್ಟಿಕ್ಕಿ ಸೊಸೆ ಕತ್ತರಿಸಿಟ್ಟಿದ್ದ ಬಿಳೀ ಬಟ್ಟೆಯ ರಾಶಿ ಹಾಳಾಯಿತು. ಅವಳು ಅದನ್ನು ತಂದು ಊಟದ ತಟ್ಟೆಗಳ ನಡುವೆ ಎಸೆದಳು.

"ಇದನ್ನ ಯಾರು ಹಾಕ್ಕೋತಾರೆ? ನೀನು ಹಾಕ್ಕೊಂಡು ಶಾಲೆಗೆ ಹೋಗ್ತೀಯಾ? ಮನೆ ಇದು, ಗ್ಯಾರೇಜಲ್ಲ."

"ಒಗೀತೀನಮ್ಮ."

"ನಿನ್ನ ಷರಟೇ ಒಗೆಯೋನಲ್ಲ, ಇದನ್ನ ಒಗೀತಾನಂತೆ!"

ನನ್ನ ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಮ್ಮ, ನಿನ್ನ ಮೊಮ್ಮಗನನ್ನ ಕೇಳು. ಈ ಸಂಭ್ರಮ ಎಲ್ಲೀತನಕ?"

"ಕೇಳಿಸ್ತೇನೋ ಗುಡುಗಪ್ಪ?"

"ಹೇಳಜ್ಜಿ ಅವರಿಗೆ. ಹಳೇ ವಿಮಾನದ ಮೈದಾನದಲ್ಲಿ ಡ್ರ್ಯಾಗ್ ರೇಸ್ ಇದೆ. ನೇರ ರಸ್ತೆ, ಇಬ್ಬಿಬ್ಬರು ಓಡಿಸೋದು, ಮೊದಲು ತಲುಪಿದೋರು ಗೆದ್ದಂಗೆ. ಅದನ್ನ ನಡೆಸೋ ಹ್ಯಾಟಣ್ಣಂದು ಟ್ಯೂನಿಂಗ್ ಅಂಗಡಿ ಇದೆ, ಇಂಜಿನ್ ಹದ ಮಾಡೋದು. ನಾನು ಕಟ್ಟಿದ ಇಂಜಿನ್ ರೇಸ್ ಮುಗಿಯೋ ತನಕ ಒಡೀದೆ ನಿಂತ್ರೆ ಅವನ ಅಂಗಡೀಲಿ ಟ್ಯೂನಿಂಗ್ ಮಾಡೋಕೆ ನನ್ನನ್ನ ಕೂರಿಸ್ತಾನೆ. ಗೆಲ್ಲಲೇಬೇಕು ಅಂತಿಲ್ಲ. ಒಡೀಬಾರದು ಅಷ್ಟೆ."

ಮಗ ಅನ್ನ ಕಲಸುತ್ತ ಕಲಸುತ್ತ ಅದನ್ನು ಗಂಜಿಯೇ ಮಾಡಿದ. ಕೊನೆಗೆ ಹೇಳಿದ: "ಒಂದೇ ರೇಸು. ನಿಂತ್ರೆ ಅವನಿಷ್ಟ. ಒಡೆದ್ರೆ ಗಾಡಿ ಮಾರಿ ಲೇತಿಗೆ ಬಂದು ನಿಲ್ಲಬೇಕು. ಮಾತು ಮಾತಾಗಿರಬೇಕು, ಕೇಳು."

"ಒಪ್ಪಿದೆ ಅಂತ ಹೇಳು ಅಜ್ಜಿ."

"ಒಪ್ಪಿದ್ದಾನಂತೆ."

"ಕೇಳಿಸ್ತು."

"ಕೇಳಿಸ್ತಂತೆ" ಎಂದೆ ಮೊಮ್ಮಗನಿಗೆ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಆಯಿಲ್ ಬಟ್ಟೆಯ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಆಮೇಲಿನ ವಾರಗಳಲ್ಲಿ ನಮ್ಮ ಮನೆಯಲ್ಲಿ ಅಡುಗೆಗಿಂತ ಬೈಕೇ ಹೆಚ್ಚು ಬೇಯಿತು. ಷೋರೂಮಿನಿಂದ ಬಂದವನೇ ನೆಲಕ್ಕೆ ಅಂಗಾತ ಮಲಗುತ್ತಿದ್ದ. ತಟ್ಟೆಯನ್ನು ನಾನು ಅವನ ಎದೆಯ ಮೇಲಿಡಬೇಕು. ಟರ್ಬೊವನ್ನು ಇಂಜಿನ್ನಿಗೆ ಕೂಡಿಸಲು ದಪ್ಪ ಬಿಲ್ಲೆಯಂಥ ಒಂದು ಫ್ಲೇಂಜು ಬೇಕು. ಅಪ್ಪನ ಅಂಗಡಿಗೆ ಹೋಗಲಾರ, ಇನ್ಯಾರದೋ ಲೇತಿನಲ್ಲಿ ಮಾಡಿಸಿ ತಂದ. ನನ್ನ ಮಗ ಊಟಕ್ಕೆ ಬಂದವನು ಕೈ ತೊಳೆಯುವ ಮೊದಲು ಅದನ್ನೆತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದ.

"ವಾರೆ ಇದೆ."

"ಯಾರಿಗೆ ಹೇಳ್ಬೇಕು?"

"ಯಾರಿಗೂ ಬೇಡ."

ಮರುದಿನ ಆ ಫ್ಲೇಂಜು ಮಾಯ. ಅದರ ಮರುದಿನ ಹೊಲಿಗೆ ಮೆಷಿನ್ನಿನ ಮೇಲೆ ಹೊಸದೊಂದು ಕೂತಿತ್ತು. ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು. ನನ್ನ ಮಗ ಕೈಯಾರೆ ಮಾಡಿದ ಅಥವಾ ಬಿಗಿದ ಯಾವುದರ ಮೇಲಾದರೂ ಕೊನೆಗೆ ಹಳದಿ ಬಣ್ಣದ ಒಂದು ಸಣ್ಣ ಗೆರೆ ಎಳೆಯುತ್ತಾನೆ. ನಾನು ನೋಡಿದ್ದೇನೆ, ಇನ್ನು ಇದನ್ನು ಮುಟ್ಟಬೇಕಾಗಿಲ್ಲ ಎಂಬ ಗುರುತು ಅದು. ಈ ಫ್ಲೇಂಜಿನ ಮೇಲೂ ಗೆರೆಯಿತ್ತು. ಗುಡುಗಪ್ಪ ಅದರ ಮೇಲೆ ಹೆಬ್ಬೆರಳು ಆಡಿಸುತ್ತ ಬಹಳ ಹೊತ್ತು ಕೂತ.

"ಏನು ಹೇಳಲೋ ನಿಮ್ಮಪ್ಪನಿಗೆ?"

"ಕೂಡ್ತು ಅಂತ ಹೇಳು."

ಸೊಸೆಯೂ ಸೋತಳು. ಬಿದ್ದರೆ ಮೈ ತರಚಬಾರದೆಂದು ಎಲ್ಲಿಂದಲೋ ಹಳೇ ಚರ್ಮದ ಕೋಟು ತಂದು, ಭುಜಕ್ಕೂ ಮೊಣಕೈಗೂ ಒಳಗಿನಿಂದ ದಪ್ಪ ಮೆತ್ತೆ ಕೂಡಿಸಿ ಹೊಲಿದಳು. ಸೂಜಿ ಮುರಿದಾಗಲೆಲ್ಲ, "ಇವನೊಬ್ಬ ಹುಟ್ಟಿದ ನನಗೆ!" ಎನ್ನುವುದು, ಇನ್ನೊಂದು ಸೂಜಿ ಹಾಕುವುದು. ಅವಳು ಮುರಿದ ಸೂಜಿಗಳಲ್ಲಿ ಒಂದು ಬೇಲಿ ಹಾಕಬಹುದಿತ್ತು.

ಹ್ಯಾಟಣ್ಣ ಒಮ್ಮೆ ಮನೆಗೂ ಬಂದ. ನೆರಳಲ್ಲೂ ತಲೆಯಿಂದ ಟೋಪಿ ತೆಗೆಯದ ಮನುಷ್ಯ. ಇಬ್ಬರೂ ಕೂತು ಪೆಟ್ರೋಲಿನ ಒತ್ತಡದ ಸ್ಕ್ರೂ ತಿರುಗಿಸಿ, ಗೇಜು ನೋಡಿ, ಮತ್ತೆ ತಿರುಗಿಸಿ ಹದ ಮಾಡಿದರು. ಹೋಗುವಾಗ ಅವನು ಹೇಳಿದ, "ಇದೇ ಹದ. ಇನ್ನು ಮುಟ್ಬೇಡ." ಆದರೆ ಅಲ್ಲಿಂದ ಮುಂದೆ ಬೈಕು ಕಾರಿದ ಹೊಗೆ ಎಂಥದ್ದು ಅಂತೀರಿ? ಕಾಡಿಗೆ. ನಡುಮನೆಯ ಗೋಡೆ ಕಪ್ಪು, ನನ್ನ ಮೂಗು ಕಪ್ಪು, ಕುಡಿಯುವ ಹಾಲೂ ಕಪ್ಪಗೆ ಕಂಡಿತು.

"ಲೋ, ಇದೇನು ರೋಗವೋ ಇದಕ್ಕೆ?"

"ರೋಗ ಅಲ್ಲ ಅಜ್ಜಿ, ಬೇಕು ಅಂತಲೇ ಬಿಟ್ಟಿರೋದು. ಅಷ್ಟೊಂದು ಗಾಳಿ ತುರುಕಿದಾಗ ಒಳಗೆ ಬೆಂಕಿ ವಿಪರೀತ ಕಾಯುತ್ತೆ. ಪೆಟ್ರೋಲ್ ಸ್ವಲ್ಪ ಹೆಚ್ಚಿಗೆ ಹೋದ್ರೆ ಅದು ಆವಿಯಾಗೋವಾಗ ತಣ್ಣಗಿಡುತ್ತೆ. ಕಡಿಮೆ ಮಾಡಿದ್ರೆ ಹೊಗೆ ಚೊಕ್ಕ ಆಗುತ್ತೆ, ಆದ್ರೆ ಪಿಸ್ಟನ್ ಕರಗಿಹೋಗುತ್ತೆ."

ಅಪ್ಪ ಮಗ ಊಟಕ್ಕೆ ಕೂರುವ ಹೊತ್ತೂ ಆಗ ಬೇರೆಯಾಗಿತ್ತು. ರಾತ್ರಿ ಗುಡುಗಪ್ಪನಿಗಿಂತ ಮುಂಚೆ ಊಟಕ್ಕೆ ಬಂದ ಮಗ ಗೋಡೆ ನೋಡಿ ಮುಖ ಸಿಂಡರಿಸಿದ.

"ಎಷ್ಟು ಪೆಟ್ರೋಲ್ ಹಾಳು ಮಾಡ್ತಿದ್ದಾನೆ! ಇಂಜಿನ್ ಕಟ್ಟಿಕೊಂಡಿದೆ, ಉಸಿರಾಡ್ತಿಲ್ಲ. ಇಂಥದ್ದು ಎಲ್ಲಿ ಓಡುತ್ತೆ?"

"ಬೇಕು ಅಂತಲೇ ಬಿಟ್ಟಿದ್ದಾನಂತೆ ಕಣೋ. ಪೆಟ್ರೋಲ್ ಸುರಿದು ತಣ್ಣಗೆ ಮಾಡೋದಂತೆ."

ಅವನು ನನ್ನನ್ನು ನೋಡಿದ. ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಪೆಟ್ರೋಲ್ ಸುರಿದು ತಣ್ಣಗೆ! ಅಮ್ಮ, ನೀನು ಸಾಯೋತನಕ ಬದಲಾಗಲ್ಲ. ನಾಳೆ ಒಲೆ ಆರಿಸೋಕೆ ಸೀಮೆಎಣ್ಣೆ ಹಾಕು."

"ನಿನ್ನಾಣೆ, ಅವನು ಹೇಳಿದ್ದು ಹಾಗೇನೇ. ಒಂದಕ್ಷರ ಸೇರಿಸಿಲ್ಲ."

"ಹತ್ತರಿಂದ ಭಾಗಿಸಿದ್ರೂ ಇದು ನಿಲ್ಲಲ್ಲಮ್ಮ" ಎಂದು ಕಣ್ಣೊರೆಸಿಕೊಂಡ. ಸೊಸೆಯೂ ನಕ್ಕಳು. ಎಲ್ಲರೂ ನಕ್ಕಮೇಲೆ ನಾನೂ ನಕ್ಕೆ. ಹುಟ್ಟಿದಂದಿನಿಂದ ಆಡಿದ ಮಾತಿನಲ್ಲಿ ಅದೊಂದಕ್ಕೆ ನಾನು ಒಗ್ಗರಣೆ ಹಾಕಿರಲಿಲ್ಲ.

ರೇಸಿನ ಹಿಂದಿನ ದಿನ ಗುಡುಗಪ್ಪ ಬೈಕ್ ಸಾಗಿಸಲು ವ್ಯಾನ್ ಕೇಳಿಕೊಂಡು ಬರಲು ಹೋಗಿದ್ದ. ಸೊಸೆ ಸಮವಸ್ತ್ರ ಕೊಡಲು ಶಾಲೆಗೆ. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಮಧ್ಯಾಹ್ನದ ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಬೈಕ್ ಗುಡುಗಿತು. ಹೋಗಿ ಇಣುಕಿದರೆ ನನ್ನ ಮಗ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಿವಿ ಇಂಜಿನ್ನಿಗೆ ಕೊಟ್ಟು, ಕಣ್ಣು ಮುಚ್ಚಿದ್ದ. ಚಿಕ್ಕವನಿದ್ದಾಗ ಗಡಿಯಾರ ಬಿಚ್ಚಿಟ್ಟುಕೊಂಡು ಹೀಗೇ ಕೂರುತ್ತಿದ್ದ.

"ಕಳ್ಳ! ಸವಾರಿ ಹೋಗ್ತೀಯಾ?"

"ಸುಮ್ಮನೆ ನೋಡ್ದೆ" ಎಂದು ಎದ್ದು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಅಮ್ಮ, ಅವನಿಗೆ ಹೇಳ್ಬೇಡ."

"ನೋಡಿದ್ದನ್ನೂ ಹೇಳ್ಬಾರದಾ?"

"ಬೇಡ. ಗೆದ್ದು ಬರಲಿ."

ಗೆದ್ದು ಬರಲಿ ಅಂದನಲ್ಲ, ನನಗೆ ಅಷ್ಟೇ ಸಾಕಾಯಿತು. ಖುಷಿಗೆ ಕಣ್ಣೂ ಮಂಜಾಯಿತು, ಬುದ್ಧಿಯೂ ಮಂಜಾಯಿತು.

ರೇಸಿಗೆ ನಾನೂ ಹೋದೆ. ಸೊಸೆ ಮಡಚುವ ಕುರ್ಚಿ ಹಿಡಿದು ಬಂದಳು. ಮಗ, "ಹ್ಯಾಟಿನವನಿಗೆ ಒಂದು ಸಾಮಾನು ಕೊಡೋದಿದೆ" ಎಂದು ಕೈಯಲ್ಲಿ ಖಾಲಿ ಚೀಲ ಹಿಡಿದುಕೊಂಡು ಬೇಲಿಯ ಹತ್ತಿರ ನಿಂತ. ಗದ್ದಲ ಅಂದರೆ ಗದ್ದಲ, ನನ್ನ ಹಲ್ಲಿನ ಸೆಟ್ಟು ಬಾಯೊಳಗೇ ಕುಣಿಯಿತು.

ಗುಡುಗಪ್ಪ ಬೈಕಿನ ಪಕ್ಕ ಬಗ್ಗಿ ಗೇಜು ನೋಡಿದ. ಸ್ಕ್ರೂಡ್ರೈವರ್ ತೆಗೆದ. ಆ ಸ್ಕ್ರೂವಿನ ಹತ್ತಿರ ಅವನ ಕೈ ಹಾಗೇ ನಿಂತುಬಿಟ್ಟಿತು. ಬೇಲಿಯ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಸ್ಕ್ರೂಡ್ರೈವರನ್ನು ಜೇಬಿಗಿಟ್ಟು ಹೆಲ್ಮೆಟ್ ಹಾಕಿಕೊಂಡ.

ಮೊದಲ ಓಟ ಗೆದ್ದ. ಹೊಗೆ ಚೊಕ್ಕ, ಕಂಡೂ ಕಾಣದ ಹಾಗೆ. ನನ್ನ ಮಗ ಬೇಲಿಯ ಕಂಬಿ ಹಿಡಿದುಕೊಂಡು ನಕ್ಕ. ಎರಡನೆಯದನ್ನೂ ಗೆದ್ದ. ಸೊಸೆ ನನ್ನ ತೋಳು ಹಿಂಡಿದ ಜಾಗ ಇವತ್ತಿಗೂ ನೋಯುತ್ತೆ. ಕೊನೆಯ ಓಟಕ್ಕೆ ಎದುರಾಳಿ ಬಲವಾದವನು. ಗುಡುಗಪ್ಪ ಟರ್ಬೊವಿನ ಒತ್ತಡ ಏರಿಸಿದ. ಹೊರಟದ್ದೇ ಹೊರಟದ್ದು, ನಾನು ರೆಪ್ಪೆ ಹೊಡೆಯುವಷ್ಟರಲ್ಲಿ ಅರ್ಧ ದಾರಿ. ಅಲ್ಲಿ ಡಬ್ಬಿಯೊಳಗೆ ಕಲ್ಲು ಹಾಕಿ ಅಲುಗಿಸಿದಂಥ ಸದ್ದಾಯಿತು. ಬಿಳೀ ಹೊಗೆ. ಎದುರಾಳಿ ಮುಂದೆ ಹೋದ. ನಮ್ಮವನ ಬೈಕು ಬೀಳದೆ, ಚಕ್ರ ಉರುಳಿದಷ್ಟು ದೂರ ಹೋಗಿ ನಿಂತಿತು.

ಹುಡುಗನಿಗೆ ಏನೂ ಆಗಲಿಲ್ಲ. ಆ ಉದ್ದಕ್ಕೂ ತಳ್ಳಿಕೊಂಡು ವಾಪಸ್ ಬಂದ. ಅಲ್ಲೇ ಬಿಚ್ಚಿದರು. ಪಿಸ್ಟನ್ನಿನ ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು, ಸುತ್ತ ಮೇಣದ ಹಾಗೆ ಇಳಿದಿತ್ತು. ಹ್ಯಾಟಣ್ಣ ಟೋಪಿ ತೆಗೆದ. ಅವನ ತಲೆಯನ್ನು ನಾನು ನೋಡಿದ್ದು ಅದೊಂದೇ ಸಲ.

"ಪೆಟ್ರೋಲ್ ಸಾಲದೆ ಕರಗಿದೆ. ನಾವಿಬ್ಬರೂ ಕೂತು ಹದ ಮಾಡಿದ್ವಲ್ಲೋ. ಯಾರು ಕಡಿಮೆ ಮಾಡಿದ್ದು?"

ನನ್ನ ಮಗ ಅಲ್ಲೇ ಇದ್ದ, ಖಾಲಿ ಚೀಲ ಹಿಡಿದುಕೊಂಡು. ಬಾಯಿ ತೆರೆದ. ಚೀಲವನ್ನು ನಾಲ್ಕಾಗಿ ಮಡಚತೊಡಗಿದ.

"ನಾನೇ" ಎಂದ ಗುಡುಗಪ್ಪ.

"ನೀನಾ? ಎಲ್ಲಾ ಗೊತ್ತಿದ್ದೂ?"

"ಹೊಗೆ ಜಾಸ್ತಿ ಅನ್ನಿಸ್ತು."

"ಹಾಗಾದ್ರೆ ನಿನ್ನ ಕೈಗೆ ಬೇರೆಯವರ ಗಾಡಿ ಹೇಗಪ್ಪ ಕೊಡ್ಲಿ?" ಹ್ಯಾಟಣ್ಣ ಸಿಟ್ಟಿನಿಂದ ಹೇಳಲಿಲ್ಲ, ಬೇಜಾರಿನಿಂದ ಹೇಳಿದ. ಟೋಪಿ ಹಾಕಿಕೊಂಡು ಹೊರಟುಹೋದ.

ಮನೆಗೆ ಬಂದಮೇಲೆ ಸೊಸೆ ತಟ್ಟೆ ಹಾಕಿದಳು. ಯಾರೂ ಮುಟ್ಟಲಿಲ್ಲ. ನನ್ನ ಮಗ ನನ್ನ ಕಡೆ ತಿರುಗಿ, "ಅಮ್ಮ, ಅವನಿಗೆ ಹೇಳು..." ಎಂದು ಶುರುಮಾಡಿ ನಿಲ್ಲಿಸಿದ. ಆಮೇಲೆ ಮಗನನ್ನೇ ನೋಡಿದ.

"ನಾನು ತಿರುಗಿಸಿದ್ದು."

"ಗೊತ್ತಿತ್ತು ಅಪ್ಪ."

"ಯಾವಾಗ?"

"ಹೊರಡೋ ಮುಂಚೆಯೇ. ಸ್ಕ್ರೂ ಮೇಲೆ ನಿಮ್ಮ ಹಳದಿ ಗೆರೆ ಕಾಣಿಸ್ತು. ಗೇಜೂ ಇಳಿದಿತ್ತು."

"ಮತ್ತೆ ಯಾಕೋ ಬಿಟ್ಟೆ? ಸರಿ ಮಾಡ್ಕೊಳ್ಳೋಕೆ ಎಷ್ಟು ಹೊತ್ತು?"

ಹುಡುಗ ತಟ್ಟೆಯ ಅಂಚನ್ನು ಉಗುರಿನಲ್ಲಿ ಕೆರೆದ. "ಫ್ಲೇಂಜು ಸರಿಮಾಡಿ ಕೊಟ್ಟಿದ್ರಲ್ಲ. ಇದನ್ನೂ ನೋಡಿಯೇ ಮಾಡಿರ್ತೀರಿ ಅಂದ್ಕೊಂಡೆ. ನೀವು ಮುಟ್ಟಿದ್ದನ್ನ ಮತ್ತೆ ತಪ್ಪು ಅಂತ, ಎಲ್ಲರೆದುರಿಗೆ, ಹೇಗೆ ತಿರುಗಿಸಲಿ?"

ಸೊಸೆ ಅಳುತ್ತ ಬೈದಳು, ಇಬ್ಬರನ್ನೂ. "ಬಾಯಿ ಇರೋದು ಬರೀ ಅನ್ನಕ್ಕಾ? ಒಂದು ಮಾತು ಕೇಳಿದ್ರೆ ನಾಲಿಗೆ ಸವೀತಿತ್ತಾ?" ನನ್ನ ಕಡೆ ತಿರುಗಿ, "ಅತ್ತೆ, ನೀವು ಹೇಳಿದ್ದು ನಿಜವೇ ಆಗಿತ್ತು" ಎಂದಳು. ನನ್ನ ಮಾತು ನಿಜವಾದದ್ದಕ್ಕೆ ನಾನು ಅಷ್ಟು ದುಃಖಪಟ್ಟದ್ದು ಇನ್ನೊಂದು ಸಲವಿಲ್ಲ.

ಮರುದಿನ ಮಗ ಹ್ಯಾಟಣ್ಣನ ಅಂಗಡಿಗೆ ಹೋದ. ಸ್ಕ್ರೂ ತಿರುಗಿಸಿದ್ದು ನಾನು, ಹುಡುಗನದು ತಪ್ಪಿಲ್ಲ ಎಂದ. ಹ್ಯಾಟಣ್ಣ ಕೂರಿಸಿ ಟೀ ಕೊಟ್ಟನಂತೆ. "ಯಜಮಾನ್ರೇ, ನಿಮ್ಮ ಜಾಗದಲ್ಲಿ ನಾನಿದ್ರೂ ಇದನ್ನೇ ಹೇಳ್ತಿದ್ದೆ. ಮಕ್ಕಳಿಗಾಗಿ ಯಾವ ತಂದೆ ಹೇಳಲ್ಲ?" ಎಂದು ಬೆನ್ನು ತಟ್ಟಿ ಕಳಿಸಿದನಂತೆ. ಆಣೆ ಇಟ್ಟರೂ ನಂಬಲಿಲ್ಲ. ಅಂದೇ ಹೇಳದ ಮಾತು ಒಂದೇ ರಾತ್ರಿಗೆ ಹಳಸಿಹೋಗಿತ್ತು.

ಗುಡುಗಪ್ಪ ಬೈಕನ್ನು ಬಿಡಿಬಿಡಿಯಾಗಿ ಮಾರಿದ. ಚಕ್ರ ಒಬ್ಬ, ಟ್ಯಾಂಕು ಒಬ್ಬ, ಬಸವನಹುಳು ಇನ್ನೊಬ್ಬ ಬಂದು ಒಯ್ದ. ನಡುಮನೆ ಮೈದಾನದ ಹಾಗಾಯಿತು. ಷೋರೂಮ್ ಬಿಟ್ಟು ಲೇತಿಗೆ ಹೊರಟು ನಿಂತ. ನನ್ನ ಮಗ ಬಾಗಿಲಿಗೆ ಅಡ್ಡ ನಿಂತು, "ಬರಬೇಡ ಕಣೋ. ಆ ಮಾತು ನಾನು ವಾಪಸ್ ತಗೊಂಡಿದ್ದೀನಿ" ಎಂದ.

"ನಾನು ಕೊಟ್ಟಿದ್ದು ವಾಪಸ್ ತಗೊಂಡಿಲ್ಲ ಅಪ್ಪ" ಎಂದು ಪಕ್ಕದಿಂದ ನುಸುಳಿ ಹೋದ.

ಈಗ ಇಬ್ಬರೂ ಮಾತಾಡುತ್ತಾರೆ. ಎಷ್ಟು ದಪ್ಪ, ಎಷ್ಟು ಆಳ, ಯಾವ ಗಿರಾಕಿ. ನಾನು ಮಧ್ಯಾಹ್ನ ಕ್ಯಾರಿಯರ್ ಒಯ್ದಾಗ ಬಿಡುವಿಲ್ಲದೆ ಮಾತು. ಹುಡುಗನ ಕೈಯಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಬರುವುದಿಲ್ಲ. ಅಪ್ಪನ ಅಳತೆ ತಪ್ಪಿದರೂ ಏನೂ ಹೇಳುವುದಿಲ್ಲ, ಅಪ್ಪ ಆಚೆ ಹೋದಾಗ ಸರಿಮಾಡಿಡುತ್ತಾನೆ. ನನ್ನ ಮಗನಿಗೆ ಅದು ಗೊತ್ತು. ತಿಂದ ಅನ್ನ ಮೈಗೆ ಹತ್ತದೆ ಅವನು ಪೆನ್ಸಿಲ್ಲಿನಷ್ಟಾಗಿದ್ದಾನೆ.

ಮೊನ್ನೆ ನಾನು ಅಲ್ಲಿದ್ದಾಗ ಒಬ್ಬಳು ಹುಡುಗಿ ಬಂದಳು. ಕಂಕುಳಲ್ಲಿ ಹೆಲ್ಮೆಟ್ಟು, ಕೈಯಲ್ಲಿ ಟರ್ಬೊ. ಹ್ಯಾಟಣ್ಣನ ಅಂಗಡಿಯಲ್ಲಿ ಹೊಸದಾಗಿ ಟ್ಯೂನಿಂಗಿಗೆ ಸೇರಿದ್ದಾಳಂತೆ. ಇದಕ್ಕೊಂದು ಫ್ಲೇಂಜು ಬೇಕು ಎಂದಳು. ಗುಡುಗಪ್ಪ ಟರ್ಬೊ ತೆಗೆದುಕೊಂಡು ಚಕ್ರವನ್ನು ಬೆರಳಿನಿಂದ ಒಮ್ಮೆ ತಿರುಗಿಸಿದ. ಅದು ನಿಲ್ಲುವ ತನಕ ನೋಡುತ್ತಿದ್ದ.

"ಪೆಟ್ರೋಲ್ ಹೆಚ್ಚಿಗೇ ಇರಲಿ. ಕಪ್ಪು ಹೊಗೆ ಬಂದ್ರೂ ಇಳಿಸಬೇಡಿ."

"ಗೊತ್ತು ಗೊತ್ತು" ಎಂದು ಅವಳು ನಕ್ಕಳು. "ಯಾವನೋ ಒಬ್ಬ ಹೊಗೆ ಜಾಸ್ತಿ ಆಯ್ತು ಅಂತ ಇಳಿಸಿ ಪಿಸ್ಟನ್ ಕರಗಿಸ್ಕೊಂಡನಂತಲ್ಲ? ನಮ್ಮ ಅಂಗಡೀಲಿ ಇನ್ನೂ ಹೇಳಿ ನಗ್ತಾರೆ."

"ಹೌದಾ" ಎಂದು ಅವನು ಅಳತೆ ತೆಗೆಯತೊಡಗಿದ.

ನನ್ನ ಮಗ ಲೇತ್ ನಿಲ್ಲಿಸಿದ. "ಇಳಿಸಿದ್ದು ಅವನಲ್ಲಮ್ಮ. ನಾನು."

ಹುಡುಗಿ ಅವನನ್ನು ನೋಡಿದಳು. ಮಸಿ ಹಿಡಿದ ಕೈ, ಮೂಗಿನ ತುದಿಯ ಕನ್ನಡಕ, ನೆರೆತ ತಲೆ. ನನ್ನನ್ನು ನೋಡಿದಳು. ಆಮೇಲೆ ನಮ್ಮವನ ಕಡೆ ತಿರುಗಿ ಮುಗುಳ್ನಕ್ಕಳು.

"ನಿಮ್ಮ ತಂದೆ ಒಳ್ಳೆ ತಮಾಷೆಯೋರು."

ಗುಡುಗಪ್ಪ ಅಪ್ಪನ ಮುಖ ನೋಡಿದ. ಟರ್ಬೊವನ್ನು ಬಟ್ಟೆಯಿಂದ ಒರೆಸಿ ಅವಳ ಕೈಗಿಟ್ಟ.

"ಹೂಂ" ಎಂದ. "ನಮ್ಮನೇಲಿ ಎಲ್ಲರೂ ಸ್ವಲ್ಪ ಹಾಗೇನೇ. ನಾಳೆ ಬನ್ನಿ, ಆಗಿರುತ್ತೆ."